ಕೀಮೊಗೆ ಮೊದಲಿನ ಹದಿನೈದು ದಿನ

2024ರ ಅಕ್ಟೋಬರ್ 4ರಂದು ದೆಹಲಿ ಹೈಕೋರ್ಟ್ ನೀಡಿದ ತೀರ್ಪೊಂದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. 2020ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ 30 ವರ್ಷದ ಅವಿವಾಹಿತ ಯುವಕನೊಬ್ಬನ ವೀರ್ಯವನ್ನು ಆಸ್ಪತ್ರೆಯಲ್ಲಿ ಶೈತ್ಯೀಕರಿಸಿ ಇಡಲಾಗಿತ್ತು. ಅದನ್ನು ಅವನ ತಂದೆ-ತಾಯಿಗೆ ಕೊಡಬೇಕೆಂದು ನ್ಯಾಯಾಲಯ ಆದೇಶಿಸಿತು. ಸತ್ತವನ ಹೆಸರಿನಲ್ಲಿ ಮಗುವನ್ನು ಹುಟ್ಟಿಸಬಹುದೇ, ಆ ಮಗುವಿನ ಹಕ್ಕೇನು ಎಂಬ ಚರ್ಚೆ ಆಗಲೇಬೇಕಾದದ್ದು. ಈ ಬಗ್ಗೆ ಕಾನೂನು ಬೇಕೇ ಎಂದು ಪರಿಶೀಲಿಸುವಂತೆ ನ್ಯಾಯಾಲಯವೂ ಆರೋಗ್ಯ ಸಚಿವಾಲಯಕ್ಕೆ ತಿಳಿಸಿತು. ಆದರೆ ಈ ಗದ್ದಲದಲ್ಲಿ ಒಂದು ಸಣ್ಣ ಸಂಗತಿ ಯಾರ ಕಣ್ಣಿಗೂ ಬೀಳಲಿಲ್ಲ. ಚಿಕಿತ್ಸೆ ಆರಂಭವಾಗುವ ಮೊದಲು ಆ ಯುವಕನಿಗೆ, "ಈ ಔಷಧಿಯಿಂದ ನಿಮಗೆ ಮುಂದೆ ಮಕ್ಕಳಾಗದೇ ಇರಬಹುದು" ಎಂದು ಹೇಳಿದ ವೈದ್ಯರಿದ್ದರು.

ಈ ಮಾತನ್ನು ಹೇಳುವವರು ಯಾರು? ಕ್ಯಾನ್ಸರ್ ತಜ್ಞರ ಗಮನವೆಲ್ಲ ಜೀವ ಉಳಿಸುವುದರ ಮೇಲೆ. ಸ್ತ್ರೀರೋಗ ತಜ್ಞರಿಗೆ ಈ ರೋಗಿ ಇರುವುದೇ ಗೊತ್ತಿಲ್ಲ. ಶಸ್ತ್ರಚಿಕಿತ್ಸಕರು ಗಡ್ಡೆ ತೆಗೆದು ಮುಂದಿನ ವಿಭಾಗಕ್ಕೆ ಕಳುಹಿಸಿರುತ್ತಾರೆ. ಯಾರೂ ಕೆಟ್ಟವರಲ್ಲ, ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದಾರೆ. ಆದರೂ ಪ್ರಶ್ನೆ ಮಾತ್ರ ನಡುವೆ ಎಲ್ಲೋ ಜಾರಿಹೋಗುತ್ತದೆ. ನಾಲ್ಕು ವರ್ಷಗಳ ನಂತರ, ಮದುವೆಯಾಗಿ ಮಕ್ಕಳಿಲ್ಲವೆಂದು ತಪಾಸಣೆಗೆ ಹೋದಾಗ ವಿಷಯ ತಿಳಿಯುತ್ತದೆ.

ಹೆಣ್ಣುಮಗು ಹುಟ್ಟುವಾಗಲೇ ಅವಳ ಅಂಡಾಶಯದಲ್ಲಿ ಜೀವಮಾನಕ್ಕೆ ಬೇಕಾದ ಅಂಡಗಳೆಲ್ಲ ಇರುತ್ತವೆ. ಸೈಕ್ಲೋಫಾಸ್ಫಮೈಡ್‌ನಂತಹ ಔಷಧಿಗಳು ಈ ದಾಸ್ತಾನನ್ನೇ ನಾಶ ಮಾಡಬಲ್ಲವು. ಕಿಬ್ಬೊಟ್ಟೆಗೆ ಕೊಡುವ ವಿಕಿರಣವೂ ಹಾಗೆಯೇ. ಕೀಮೊ ಆರಂಭವಾದ ಮೇಲೆ ಮಾಡಲು ಹೆಚ್ಚೇನೂ ಉಳಿಯುವುದಿಲ್ಲ. ಗಂಡಸಿಗಾದರೆ ವೀರ್ಯ ಕೊಟ್ಟು ಇಡಲು ಒಂದೆರಡು ದಿನ ಸಾಕು. ಹೆಣ್ಣಿಗೆ ಅಂಡಗಳನ್ನು ಬೆಳೆಸಿ ತೆಗೆಯಲು ಸುಮಾರು ಎರಡು ವಾರ ಬೇಕು. ಹಿಂದೆ ಮುಟ್ಟಿನ ದಿನಕ್ಕಾಗಿ ಕಾಯಬೇಕಿತ್ತು. ಈಗ ಯಾವ ದಿನದಿಂದಲೂ ಆರಂಭಿಸಬಹುದು. ಆದರೂ ರಕ್ತದ ಕ್ಯಾನ್ಸರಿನಂತಹ ಕಾಯಿಲೆ ಎರಡು ವಾರ ಕಾಯುವುದಿಲ್ಲ. ಕಾಯಬಹುದೇ, ಎಷ್ಟು ದಿನ ಎಂಬುದನ್ನು ಕ್ಯಾನ್ಸರ್ ತಜ್ಞರು ಮತ್ತು ಸಂತಾನ ಚಿಕಿತ್ಸೆಯ ತಜ್ಞರು ಒಟ್ಟಿಗೆ ಕುಳಿತು, ಕಡೇಪಕ್ಷ ಫೋನಿನಲ್ಲಾದರೂ ಮಾತನಾಡಿ, ಅದೇ ದಿನ ತೀರ್ಮಾನಿಸಬೇಕು.

ಇಂತಹ ಸಹಕಾರದಿಂದ ಏನಾಗಬಹುದು ಎಂಬುದಕ್ಕೆ ಬ್ರಸೆಲ್ಸ್ ನಗರದ ಒಂದು ಉದಾಹರಣೆ ಇದೆ. ಲುವೆನ್ ಕಥೋಲಿಕ ವಿಶ್ವವಿದ್ಯಾಲಯದ ಡಾ. ಜಾಕ್ ಡೊನ್ನೆ ಅವರ ತಂಡ 1997ರಲ್ಲಿ ಹಾಜ್‌ಕಿನ್ ಲಿಂಫೋಮಾ ಇದ್ದ ಮಹಿಳೆಯೊಬ್ಬರ ಅಂಡಾಶಯದ ಚೂರುಗಳನ್ನು ಕೀಮೊಗೆ ಮೊದಲೇ ತೆಗೆದು ಶೈತ್ಯೀಕರಿಸಿತು. ಗುಣವಾದ ಮೇಲೆ ಅವನ್ನು ಅವರ ದೇಹಕ್ಕೇ ಮರಳಿ ಜೋಡಿಸಲಾಯಿತು. ಸಹಜವಾಗಿ ಗರ್ಭಧರಿಸಿದ ಅವರಿಗೆ 2004ರಲ್ಲಿ ಹೆಣ್ಣುಮಗು ಹುಟ್ಟಿತು. ಆ ಅಂಡ ಹಳೆಯ ಅಂಡಾಶಯದ್ದೇ ಇರಬಹುದಲ್ಲ ಎಂದು ಆಗ ಕೆಲವರು ಸಂಶಯಪಟ್ಟರು. ಆದರೆ ಇದೇ ವಿಧಾನದಿಂದ ಈಗ ಜಗತ್ತಿನಲ್ಲಿ 200ಕ್ಕೂ ಹೆಚ್ಚು ಮಕ್ಕಳು ಹುಟ್ಟಿದ್ದಾರೆ. ಇನ್ನೂ ಮೈನೆರೆಯದ ಹುಡುಗಿಯರಿಗೆ ಅಂಡಗಳನ್ನು ಬೆಳೆಸಿ ತೆಗೆಯಲಾಗದ ಕಾರಣ, ಶೈತ್ಯೀಕರಣಕ್ಕೆ ಇರುವ ದಾರಿ ಇದೊಂದೇ. ಇಲ್ಲಿ ಪೆಥಾಲಜಿ ತಜ್ಞರ ಪಾತ್ರ ದೊಡ್ಡದು: ಮರಳಿ ಜೋಡಿಸುವ ಚೂರಿನೊಳಗೆ ಕ್ಯಾನ್ಸರ್ ಕಣ ಅಡಗಿದ್ದರೆ ಕಾಯಿಲೆಯನ್ನೇ ಮರಳಿ ತಂದಂತೆ. ರಕ್ತದ ಕ್ಯಾನ್ಸರಿನಲ್ಲಿ ಈ ಅಪಾಯ ಹೆಚ್ಚು.

ನಮ್ಮ ಕರಾವಳಿಯವರು ಗಮನಿಸಬೇಕಾದದ್ದು ಡೆನ್ಮಾರ್ಕಿನ ಕ್ರಮ. ಅಲ್ಲಿ ರೋಗಿಯನ್ನು ರಾಜಧಾನಿಗೆ ಓಡಿಸುವುದಿಲ್ಲ. ಊರಿನ ಹತ್ತಿರದ ಆಸ್ಪತ್ರೆಯಲ್ಲೇ ಅಂಡಾಶಯದ ಅಂಗಾಂಶವನ್ನು ತೆಗೆದು, ಮಂಜುಗಡ್ಡೆಯಲ್ಲಿಟ್ಟು, ನಾಲ್ಕೈದು ಗಂಟೆಯೊಳಗೆ ಕೋಪನ್‌ಹೇಗನ್‌ಗೆ ಕಳುಹಿಸುತ್ತಾರೆ. ಶೈತ್ಯೀಕರಣ ಮಾತ್ರ ಅಲ್ಲಿ. ಕಾರವಾರ, ಹೊನ್ನಾವರದ ರೋಗಿಗಳ ಪಾಡು ನಮಗೆ ಗೊತ್ತಿದ್ದದ್ದೇ: ಬಯಾಪ್ಸಿ ಒಂದು ಕಡೆ, ಸ್ಕ್ಯಾನಿಂಗ್ ಇನ್ನೊಂದು ಕಡೆ, ಚಿಕಿತ್ಸೆ ಮಣಿಪಾಲ, ಮಂಗಳೂರು ಅಥವಾ ಗೋವಾದಲ್ಲಿ. ವೈದ್ಯರ ನಡುವೆ ಸುದ್ದಿ ಮುಟ್ಟಿಸುವುದು ರೋಗಿಯ ಅಣ್ಣ ಕಂಕುಳಲ್ಲಿ ಹಿಡಿದುಕೊಂಡ ಪ್ಲಾಸ್ಟಿಕ್ ಕವರಿನ ಫೈಲು. ಯಂತ್ರ, ಕಟ್ಟಡಗಳಿಗಿಂತ ಮೊದಲು ಆಗಬೇಕಾದದ್ದು ಈ ಆಸ್ಪತ್ರೆಗಳ ನಡುವೆ ಯಾರು ಯಾರಿಗೆ ಕರೆ ಮಾಡಬೇಕು ಎಂಬ ಒಪ್ಪಂದ. ಆ ಕರೆ ಮಾಡುವ ಹೊಣೆಯನ್ನು ಒಬ್ಬ ನರ್ಸ್ ವಹಿಸಿಕೊಂಡರೂ ಸಾಕು.

ಧರ್ಮಸಭೆ ಏನು ಹೇಳುತ್ತದೆ ಎಂದು ವಾಚಕರು ಕೇಳುವುದು ಸಹಜ. ದೇಹದ ಹೊರಗೆ ಗರ್ಭಾಂಕುರ ಮಾಡುವುದನ್ನು 1987ರ 'ಡೋನುಂ ವೀತೆ' ಒಪ್ಪುವುದಿಲ್ಲ. ಅದಕ್ಕಾಗಿ ಅಂಡಗಳನ್ನು ಶೈತ್ಯೀಕರಿಸುವುದನ್ನೂ 2008ರ 'ದಿಗ್ನಿತಾಸ್ ಪೆರ್ಸೋನೆ' ನಿರಾಕರಿಸುತ್ತದೆ. ಸಹಜ ಸಂತಾನಶಕ್ತಿಗೆ ಇರುವ ಅಡ್ಡಿಯನ್ನು ನಿವಾರಿಸುವ ಚಿಕಿತ್ಸೆಗಳಿಗೆ ಅದೇ ದಾಖಲೆ ಬೆಂಬಲ ಕೊಡುತ್ತದೆ. ಹಾಗಾದರೆ ಉಳಿದ ದಾರಿಗಳೇನು? ವಿಕಿರಣಕ್ಕೆ ಮೊದಲು ಅಂಡಾಶಯವನ್ನು ಶಸ್ತ್ರಚಿಕಿತ್ಸೆಯಿಂದ ಪಕ್ಕಕ್ಕೆ ಸರಿಸುವುದು ಒಂದು. ಗೊಸೆರೆಲಿನ್ ಚುಚ್ಚುಮದ್ದಿನಿಂದ ಅಂಡಾಶಯವನ್ನು ತಾತ್ಕಾಲಿಕವಾಗಿ ಸುಮ್ಮನಾಗಿಸುವುದು ಇನ್ನೊಂದು: ಹಾರ್ಮೋನಿಗೆ ಸ್ಪಂದಿಸದ ಸ್ತನ ಕ್ಯಾನ್ಸರ್ ಇದ್ದವರ ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚುಚ್ಚುಮದ್ದು ಪಡೆದವರಲ್ಲಿ ಶೇ. 8 ಮಂದಿಯ ಅಂಡಾಶಯ ಕೆಲಸ ನಿಲ್ಲಿಸಿತ್ತು, ಪಡೆಯದವರಲ್ಲಿ ಶೇ. 22. ಇದು ಪೂರ್ತಿ ರಕ್ಷಣೆಯೇನಲ್ಲ. ತನ್ನದೇ ಅಂಗಾಂಶವನ್ನು ತನ್ನ ದೇಹಕ್ಕೇ ಮರಳಿ ಜೋಡಿಸುವ ಬ್ರಸೆಲ್ಸ್ ವಿಧಾನವನ್ನೂ ಒಪ್ಪಬಹುದು ಎನ್ನುವ ಕಥೋಲಿಕ ನೀತಿಶಾಸ್ತ್ರಜ್ಞರಿದ್ದಾರೆ. ಅವರ ವಾದ ನನಗೆ ಸರಿಯೆಂದು ತೋರುತ್ತದೆ. ಆದರೆ ಒಂದು ಮಾತು. ಧರ್ಮಸಭೆಯ ಬೋಧನೆಯನ್ನು ಮುಂದಿಟ್ಟು ರೋಗಿಗೆ ವಿಷಯವನ್ನೇ ತಿಳಿಸದಿರುವುದು ಸಲ್ಲದು. ತಿಳಿಯದವರಿಗೆ ಆತ್ಮಸಾಕ್ಷಿಯಿಂದ ತೀರ್ಮಾನಿಸುವ ಅವಕಾಶವೇ ಇಲ್ಲ.

ಧರ್ಮಕೇಂದ್ರಗಳ ಆರೋಗ್ಯ ಆಯೋಗದವರು, ರೋಗಿಗಳನ್ನು ಭೇಟಿ ಮಾಡುವ ಧರ್ಮಭಗಿನಿಯರು, ವಾಳೆಯ ಗುರಿಕಾರರು ಇದರಲ್ಲಿ ನೆರವಾಗಬಹುದು. ಕಾಯಿಲೆ ಪತ್ತೆಯಾದ ವಾರದಲ್ಲಿ ಮನೆಯವರು ದಿಕ್ಕು ತೋಚದೆ ಕುಳಿತಿರುತ್ತಾರೆ. ಅದರಲ್ಲೂ ಮದುವೆಯಾಗದ ಹುಡುಗಿಯಾದರೆ ಅವಳ ಮುಂದೆ ಈ ಮಾತೆತ್ತಲು ತಾಯಿಗೂ ಸಂಕೋಚ. "ಚಿಕಿತ್ಸೆಯಿಂದ ಮಕ್ಕಳಾಗಲು ತೊಂದರೆಯಿದೆಯೇ, ಮೊದಲೇ ಏನಾದರೂ ಮಾಡಬಹುದೇ ಎಂದು ಡಾಕ್ಟರರನ್ನು ಕೇಳಿದ್ದೀರಾ?" ಎಂದು ಆಗ ಯಾರಾದರೂ ನೆನಪಿಸಬೇಕು.

ಚಿಕಿತ್ಸೆ ಮುಗಿದ ಮೇಲೂ ತಂಡದ ಕೆಲಸ ಮುಗಿಯುವುದಿಲ್ಲ. ಕೆಲವು ಕೀಮೊ ಔಷಧಿಗಳು ಹೃದಯವನ್ನು ದುರ್ಬಲಗೊಳಿಸುವುದರಿಂದ ಗರ್ಭಧರಿಸುವ ಮೊದಲು ಹೃದಯ ತಜ್ಞರ ಒಪ್ಪಿಗೆ ಬೇಕು. ಹಾರ್ಮೋನ್ ಸಂಬಂಧಿತ ಸ್ತನ ಕ್ಯಾನ್ಸರ್ ಇದ್ದವರು ವರ್ಷಗಟ್ಟಲೆ ಮಾತ್ರೆ ನುಂಗಬೇಕು. ಮಗುವಿಗಾಗಿ ಅದನ್ನು ನಡುವೆ ನಿಲ್ಲಿಸಬಹುದೇ ಎಂಬ ಭಯ ಬಹುಕಾಲ ಇತ್ತು. 2023ರಲ್ಲಿ ಪ್ರಕಟವಾದ 'ಪಾಸಿಟಿವ್' ಅಧ್ಯಯನದಲ್ಲಿ, ತಜ್ಞರ ನಿಗಾದಲ್ಲಿ ಮಾತ್ರೆಯನ್ನು ಎರಡು ವರ್ಷದವರೆಗೆ ನಿಲ್ಲಿಸಿದವರಲ್ಲಿ ಮೂರು ವರ್ಷಗಳ ಅವಧಿಯಲ್ಲಿ ಕಾಯಿಲೆ ಮರುಕಳಿಸಿದ್ದು ಶೇ. 8.9 ಮಂದಿಗೆ, ನಿಲ್ಲಿಸದವರ ಹೋಲಿಕೆ ಗುಂಪಿನಲ್ಲಿ ಶೇ. 9.2. ದೀರ್ಘಕಾಲದ ಫಲಿತಾಂಶಕ್ಕಾಗಿ ಅವರನ್ನು ಇನ್ನೂ ಗಮನಿಸಲಾಗುತ್ತಿದೆ. ಗರ್ಭಧಾರಣೆಯ ಲೆಕ್ಕಕ್ಕೆ ಸಿಕ್ಕ 497 ಮಹಿಳೆಯರಲ್ಲಿ 317 ಮಂದಿ ತಾಯಿಯಾಗಿದ್ದಾರೆ.