ಮೂರಕ್ಷರದ ಶಿಕ್ಷೆ

ಸೇವೆಯಲ್ಲಿದ್ದಾಗ ನಾನು ಮಾಡಿದ ಒಂದು ತಪ್ಪನ್ನು ಇಂದು ಓದುಗರ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

1995ರ ಸುಮಾರು. ನಮ್ಮ ಹುಲಗೂರು ಆಗಿನ್ನೂ ಧಾರವಾಡ ಜಿಲ್ಲೆಯಲ್ಲಿತ್ತು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ನಾನು ಪಾಠ ಹೇಳುತ್ತಿದ್ದ ಪ್ರೌಢಶಾಲೆಗೆ ಒಂದು ಗಣಕಯಂತ್ರ ಬಂದಿತ್ತು. ಅದಕ್ಕೆ ಬಟ್ಟೆ ಹೊದಿಸಿ, ಕೋಣೆಗೆ ಬೀಗ ಜಡಿದು, ಕೀಲಿಕೈಯನ್ನು ನನಗೆ ಒಪ್ಪಿಸಿದ್ದರು. ಒಮ್ಮೆ ರೇಖಾಗಣಿತದ ತಂತ್ರಾಂಶವೊಂದು ಸ್ಮೃತಿ ಸಾಲದೆಂದು ತೆರೆದುಕೊಳ್ಳಲೇ ಇಲ್ಲ. ಯಂತ್ರದಲ್ಲಿ 4 ಎಂಬಿ ಸ್ಮೃತಿ ಇದ್ದೂ ಈ ದಾರಿದ್ರ್ಯವೇಕೆಂದು ನನಗೆ ತಿಳಿಯಲಿಲ್ಲ.

ತಿಳಿದದ್ದು ಹತ್ತನೆಯ ತರಗತಿಯ ಒಬ್ಬ ಹುಡುಗನಿಗೆ. ಕಾರಣವಿಷ್ಟೆ: 1981ರ ಐಬಿಎಂ ಪಿಸಿಯ ಸಂಸ್ಕಾರಕ ಗುರುತಿಸಬಲ್ಲ ಸ್ಮೃತಿಯೇ 1 ಎಂಬಿ. ಅದರಲ್ಲಿ 640 ಕೆಬಿ ಮಾತ್ರ ಕಾರ್ಯಕ್ರಮಗಳಿಗೆ. ಉಳಿದದ್ದು ಪರದೆಗೂ ಯಂತ್ರದ ಸ್ವಂತ ಸೂಚನೆಗಳಿಗೂ ಮೀಸಲು. ಮುಂದೆ ಸ್ಮೃತಿ ಹೆಚ್ಚಿದರೂ ಎಂಎಸ್-ಡಾಸ್ ಈ ಕಟ್ಟಳೆಯನ್ನು ಹೊತ್ತುಕೊಂಡೇ ಬಂತು. ಯಂತ್ರ ಎಚ್ಚರವಾದೊಡನೆ ಡಾಸ್ ಮೊದಲು ಕಾನ್ಫಿಗ್.ಸಿಸ್ ಕಡತವನ್ನು, ಬಳಿಕ ಆಟೋಎಕ್ಸೆಕ್.ಬ್ಯಾಟ್ ಕಡತವನ್ನು ಸಾಲುಸಾಲಾಗಿ ಓದುತ್ತಿತ್ತು. ಮೌಸಿನಂಥ ಉಪಕರಣಗಳ ಚಾಲಕಗಳು ಅಲ್ಲಿಂದ ಒಳಬಂದು ಆ 640 ಕೆಬಿಯಲ್ಲೇ ಬೀಡುಬಿಡುತ್ತಿದ್ದವು. ಬೆಳಗಾಗುತ್ತಲೇ ಪಡಸಾಲೆಯ ತುಂಬ ಮನೆಯವರೇ ಮಂಚ ಹಾಕಿಕೊಂಡರೆ ಬಂದ ಬೀಗರು ಎಲ್ಲಿ ಕೂಡಬೇಕು? 1991ರ ಡಾಸ್ 5ನೆಯ ಆವೃತ್ತಿ ಕೆಲವನ್ನು ಅಟ್ಟಕ್ಕೇರಿಸುವ ಉಪಾಯ ಕೊಟ್ಟಿತು. ಆದರೆ ಆ ಸಾಲುಗಳನ್ನು ನಾವೇ ಬರೆದುಕೊಳ್ಳಬೇಕಿತ್ತು.

ಹುಡುಗ ಮೌಸಿನ ಚಾಲಕದ ಸಾಲನ್ನು ನಿಷ್ಕ್ರಿಯಗೊಳಿಸಿದ್ದ. ರೇಖಾಗಣಿತ ತೆರೆಯಿತು; ಮರುದಿನ ಮೌಸು ಅಲುಗಲಿಲ್ಲ. ನಾನು ಕೆಂಡವಾದೆ. “ಅದನ್ನ ತೆಗದ್ರ ಜಾಗಾ ಸಿಗತೈತ್ರಿ ಸರ” ಎಂದು ಅವನು ಹೇಳುತ್ತಲೇ ಇದ್ದ. ನಾನು ಕೇಳಿಸಿಕೊಳ್ಳದೆ ವರ್ಷ ಮುಗಿಯುವವರೆಗೂ ಅವನನ್ನು ಆ ಕೋಣೆಯಿಂದ ಹೊರಗಿಟ್ಟೆ.

ಎಷ್ಟೋ ದಿನಗಳ ಮೇಲೆ ಕಡತವನ್ನು ತೆರೆದು ನೋಡಿದೆ. ಅವನು ಆ ಸಾಲನ್ನು ಅಳಿಸಿಯೇ ಇರಲಿಲ್ಲ. ಅದರ ಮುಂದೆ ‘ಆರ್-ಇ-ಎಂ’ ಎಂಬ ಮೂರು ಅಕ್ಷರ ಸೇರಿಸಿದ್ದ, ಅಷ್ಟೆ. ಈ ಸಾಲನ್ನು ಓದದೆ ಮುಂದೆ ಹೋಗು ಎಂದು ಯಂತ್ರಕ್ಕೆ ಹೇಳುವ ಗುರುತು ಅದು. ಆ ಮೂರಕ್ಷರ ತೆಗೆದರೆ ಎಲ್ಲವೂ ಯಥಾಸ್ಥಿತಿ. ಅವನು ಕೆಡಿಸಿದವನಲ್ಲ, ಹಿಂತಿರುಗುವ ದಾರಿಯನ್ನು ಉಳಿಸಿಕೊಂಡು ಪ್ರಯೋಗ ಮಾಡಿದವನು. ವಿಜ್ಞಾನದ ತರಗತಿಯಲ್ಲಿ ನಾವು ಕಲಿಸಬಯಸುವುದು ಇದನ್ನೇ ಅಲ್ಲವೇ?

ಆದ್ದರಿಂದ ನನ್ನ ಅಭಿಪ್ರಾಯವಿದು: ಪ್ರತಿ ಶಾಲೆಯಲ್ಲೂ ಮಕ್ಕಳು ಕೆಡಿಸಬಹುದಾದ ಒಂದು ಗಣಕವಿರಬೇಕು. ಅಂಕಪಟ್ಟಿ, ದಾಖಲೆಗಳ ಗತಿಯೇನೆಂದು ಕೇಳುವವರಿದ್ದಾರೆ. ಅವರ ಆತಂಕ ನ್ಯಾಯವೇ. ಅವು ಬೇರೆ ಯಂತ್ರದಲ್ಲಿರಲಿ. ಈ ಯಂತ್ರದ ಆರಂಭದ ಕಡತಗಳ ಒಂದು ಪ್ರತಿ ಗುರುಗಳ ಬಳಿಯಿದ್ದರೆ ಸಾಕು.

ಇದು ಹೊಸ ವಿಚಾರವೇನಲ್ಲ. 1984ರಲ್ಲಿ ಭಾರತ ಸರಕಾರದ ‘ಕ್ಲಾಸ್’ ಯೋಜನೆ ಶಾಲೆಗಳಿಗೆ ಬಿಬಿಸಿ ಮೈಕ್ರೊ ಗಣಕಗಳನ್ನು ಕೊಟ್ಟಿತ್ತು. ಅದರ ಸ್ಮೃತಿ 32 ಕೆಬಿ. ಪರದೆಯ ಒಂದು ವಿಧಾನ ಅದರಲ್ಲಿ 20 ಕೆಬಿ ನುಂಗಿದರೆ, ಇನ್ನೊಂದು 1 ಕೆಬಿಯಲ್ಲಿ ತೃಪ್ತವಾಗುತ್ತಿತ್ತು. ಚಿತ್ರದ ಅಂದವೋ ಕಾರ್ಯಕ್ರಮಕ್ಕೆ ಜಾಗವೋ ಎಂಬುದನ್ನು ಬರೆಯುವ ಮಗುವೇ ನಿರ್ಧರಿಸಬೇಕಿತ್ತು. ಅದೇ ಪರಂಪರೆಯಲ್ಲಿ 2012ರಲ್ಲಿ ಬಂದ ಅಗ್ಗದ ರಾಸ್ಪ್‌ಬೆರಿ ಪೈ ಗಣಕಕ್ಕೂ ಆರಂಭದಲ್ಲಿ ಓದುವ ಸರಳ ಪಠ್ಯಕಡತವೊಂದಿದೆ. ಚಿತ್ರಕ್ಕೆಷ್ಟು ಸ್ಮೃತಿ ಎಂದು ಅದರ ಒಂದು ಸಾಲಿನಲ್ಲಿ ಬರೆಯಬಹುದಿತ್ತು. ಇಂದಿನ ಮಕ್ಕಳ ಕೈಯಲ್ಲಿರುವ ಮೊಬೈಲಿನ ಸ್ಮೃತಿ ಆ ಬಿಬಿಸಿ ಯಂತ್ರದ ಲಕ್ಷಪಟ್ಟು ಮಿಗಿಲು. ಆದರೆ ಅದು ಕಣ್ತೆರೆಯುವಾಗ ಯಾರು ಯಾರು ಒಳಬಂದು ಕೂತರೆಂಬುದು ಅವರಿಗೆ ಕಾಣದು.

ಆ ಹುಡುಗ ಮುಂದೆ ಏನಾದನೋ ನಾನರಿಯೆ. ಅವನು ಇದನ್ನು ಓದಿದರೆ, ಅಂದು ಅವನ ಮಾತೇ ಸರಿಯಾಗಿತ್ತೆಂದು ಅವನ ಮೇಷ್ಟ್ರು ಒಪ್ಪಿಕೊಂಡಿದ್ದಾರೆಂಬುದು ತಿಳಿಯಲಿ.