ದೊಡ್ಡ ಸಬ್‌ವೂಫರ್ ಬೇಡ, ಸರಿಯಾದ ಜಾಗ ಬೇಕು



ಮೊದಲ ಸಂಬಳದಲ್ಲಿ ಮನೆಗೊಂದು ಸಬ್‌ವೂಫರ್ ತಂದೆ. ಜಾಗವಿದ್ದದ್ದು ಮೂಲೆಯಲ್ಲಿ, ಅಲ್ಲೇ ಇಟ್ಟೆ. ಹಾಡೆಲ್ಲ ಬರೀ ಗುಂಯ್! ಮೂರನೇ ದಿನ ಪಕ್ಕದ ಮನೆಯ ಅಜ್ಜಿ, "ಮಗಾ, ಪದ್ಯ ಕೇಳುದಿಲ್ಲ, ನನ್ನ ಕಿಟಿಕಿ ಮಾತ್ರ ನಡುಗುದು" ಎಂದರು.

ತಪ್ಪು ಪೆಟ್ಟಿಗೆಯದ್ದಲ್ಲ, ನನ್ನದು. 14 ಅಡಿ ಉದ್ದದ ಕೋಣೆಯಲ್ಲಿ ಸುಮಾರು 40 ಹರ್ಟ್ಸ್‌ನ ಸ್ವರ ಎದುರುಬದುರು ಗೋಡೆಗಳ ನಡುವೆ ಸ್ಟ್ಯಾಂಡಿಂಗ್ ವೇವ್ ಆಗಿ ನಿಲ್ಲುತ್ತದೆ. ಗೋಡೆಯ ಬಳಿ ಅದು ಗುಡುಗು, ಕೋಣೆಯ ನಡುವೆ ಬಹುತೇಕ ಮೌನ. ಬೇಸ್ ಗಿಟಾರಿನ ಅತಿ ತಗ್ಗಿನ ತಂತಿಯೂ ಸುಮಾರು 41 ಹರ್ಟ್ಸ್. 12 ಇಂಚಿನದ್ದು ತಂದರೂ ಈ ಲೆಕ್ಕ ಬದಲಾಗದು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ಇನ್ನೂ ದೊಡ್ಡದಕ್ಕೆ ದುಡ್ಡು ಹಾಕುವ ಮೊದಲು ಇರುವುದಕ್ಕೆ ಒಂದು ಸಂಜೆ ಕೊಡಿ. ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲಿಟ್ಟು, ಬೇಸ್ ಗಿಟಾರ್ ಚೆನ್ನಾಗಿರುವ ಹಾಡು ಹಾಕಿ, ಗೋಡೆಯಂಚಿನಲ್ಲಿ ಮಂಡಿಯೂರಿ ತೆವಳುತ್ತಾ ಕೇಳಿ. ಎಲ್ಲ ಸ್ವರವೂ ಸಮನಾಗಿ ಕೇಳಿಸುವಲ್ಲಿ ಅದನ್ನಿಡಿ. ಮನೆಯವರು ನಗಲಿ, ಚಿಂತೆಯಿಲ್ಲ. ಕ್ರಾಸ್‌ಓವರನ್ನು 80 ಹರ್ಟ್ಸ್‌ನಿಂದ ಶುರು ಮಾಡಿ. ಫೇಸ್ ಸ್ವಿಚ್ಚನ್ನು 0 ಮತ್ತು 180ರಲ್ಲಿ ಹಾಕಿ ನೋಡಿ, ಬೇಸ್ ತುಂಬಿ ಬರುವುದನ್ನು ಉಳಿಸಿಕೊಳ್ಳಿ. ಕೊನೆಗೆ ವಾಲ್ಯೂಮ್ ಇಳಿಸಿ. ಆಫ್ ಮಾಡಿದಾಗಲೇ ಅದು ಇತ್ತೆಂದು ಗೊತ್ತಾಗಬೇಕು.

ನೆಲ ನಡುಗಿದರೇ ಸಂಗೀತ ಎನ್ನುವವರಿಗೆ ಇದು ಸಪ್ಪೆ ಎನಿಸಬಹುದು. ಆದರೆ ತಗ್ಗಿನ ಸ್ವರ ನಮ್ಮ ಗೋಡೆಗೆ ನಿಲ್ಲುವುದಿಲ್ಲ, ನೆರೆಮನೆಯ ನಿದ್ದೆಗೂ ಹೋಗುತ್ತದೆ. ರಾತ್ರಿ 9ರ ಮೇಲೆ ನಾನು ಸಬ್‌ವೂಫರ್ ಆಫ್ ಮಾಡುತ್ತೇನೆ.

ನಿಮ್ಮ ಮನೆಯದ್ದು ಈಗ ಯಾವ ಮೂಲೆಯಲ್ಲಿದೆ? ಒಮ್ಮೆ ಸರಿಸಿ ನೋಡಿ.