ಕೈಯ ಗೆರೆಯೂ ವಿಧಿಯ ಗೆರೆಯೂ

ಗಣಕಯಂತ್ರಕ್ಕೆ ವಿಧಿಗಳನ್ನು ಬರೆದುಕೊಟ್ಟು, ಅದರಿಂದ ಚಿತ್ರಗಳನ್ನೂ ವಸ್ತ್ರವಿನ್ಯಾಸಗಳನ್ನೂ ಅಕ್ಷರರೂಪಗಳನ್ನೂ ಮಾಡಿಸುವ ಪದ್ಧತಿಗೆ ಈಗ ಅರುವತ್ತು ವರ್ಷಗಳಿಗೆ ಮೀರಿದ ವಯಸ್ಸಾಗಿದೆ. ಇಂತಹ ವಿಧಿಕ್ರಮಕ್ಕೆ ಆಲ್ಗರಿದಮ್ ಎಂದೂ, ಅದನ್ನು ಯಂತ್ರಕ್ಕೆ ತಿಳಿಯುವ ಭಾಷೆಯಲ್ಲಿ ಬರೆದ ರೂಪಕ್ಕೆ ಕೋಡ್ ಎಂದೂ ಹೆಸರು. ಇಷ್ಟು ಕಾಲ ಕಳೆದರೂ, ಕಲಾರಸಿಕರೆನಿಸಿಕೊಂಡ ಅನೇಕರು ಈ ಪದ್ಧತಿಯನ್ನು ಕಲೆಯ ಹೊಸ್ತಿಲೊಳಗೆ ಬಿಟ್ಟುಕೊಳ್ಳಲು ಒಪ್ಪರು. ಅವರ ಆಕ್ಷೇಪಣೆಗಳು ಮೂರು: ಕೈ ಬರೆಯದುದು ಚಿತ್ರವಲ್ಲ, ನಿಯಮವು ಪ್ರತಿಭೆಯನ್ನು ಕೊಲ್ಲುತ್ತದೆ, ಯಂತ್ರವು ಯದೃಚ್ಛೆಯಿಂದ ಎಳೆದ ಗೆರೆಗೆ ಅಭಿಪ್ರಾಯವೆಂಬುದಿಲ್ಲ. ಈ ಮೂರೂ ಕೇಳುವುದಕ್ಕೆ ಗಂಭೀರವಾಗಿವೆ, ಪರೀಕ್ಷೆಗೆ ನಿಲ್ಲತಕ್ಕವಲ್ಲ.

ಈ ವಿವಾದವು ಹೊಸದಲ್ಲ. 1965ನೆಯ ಇಸವಿ ಫೆಬ್ರವರಿಯಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ತಾಂತ್ರಿಕ ವಿದ್ಯಾಪೀಠದಲ್ಲಿ ಗೇಯಾರ್ಗ್ ನೇಸ್ ಎಂಬವರು ಗಣಕಯಂತ್ರದಿಂದ ಬರೆಸಿದ ರೇಖಾಚಿತ್ರಗಳನ್ನು ಪ್ರದರ್ಶನಕ್ಕಿಟ್ಟರು. ನೆರೆದಿದ್ದ ಚಿತ್ರಕಾರರು ಕೆರಳಿದರು. ಅವರನ್ನು ಸಮಾಧಾನಪಡಿಸುವುದಕ್ಕಾಗಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದ ಮಾಕ್ಸ್ ಬೆನ್ಸೆಯವರು, ಇದು 'ಕೃತಕ ಕಲೆ' ಎಂಬ ಮಾತನ್ನು ಆಡಿದರೆಂದು ಪ್ರಸಿದ್ಧಿಯಿದೆ. ಸಂಧಿಯ ಮಾತು ಸಭೆಗೆ ಒಳ್ಳೆಯದಾಯಿತು, ವಿಚಾರಕ್ಕೆ ಒಳ್ಳೆಯದಾಗಲಿಲ್ಲ. ಯಾವ ಕಲೆ ತಾನೆ ಕೃತಕವಲ್ಲ? 'ಕೃತಿ' ಎಂಬ ಶಬ್ದವೂ 'ಕೃತಕ' ಎಂಬ ಶಬ್ದವೂ ಒಂದೇ ಧಾತುವಿನಿಂದ ಹುಟ್ಟಿದವು. ಚಿತ್ರವು ಗಿಡದಲ್ಲಿ ತಾನಾಗಿ ಬಿಡುವ ಕಾಯಲ್ಲ. ಒಬ್ಬರು ಮಾಡಿದಲ್ಲದೆ ಅದು ಆಗದು. ಆದುದರಿಂದ ಕೇಳಬೇಕಾದ ಪ್ರಶ್ನೆಯು ಒಂದೇ: ಮಾಡಿದವರು ಯಾರು?

ಅದೇ ನೇಸ್ ಅವರು 1968ರ ಸುಮಾರಿಗೆ ರಚಿಸಿದ ಒಂದು ಚಿತ್ರಕ್ಕೆ 'ಶಾಟರ್' ಎಂದು ಹೆಸರು, ಜಲ್ಲಿಕಲ್ಲು ಎಂದರ್ಥ. ಸಾಲಿಗೆ 12ರಂತೆ 22 ಸಾಲುಗಳಲ್ಲಿ ಚೌಕಗಳು. ಮೇಲಿನ ಸಾಲು ಸೈನಿಕರಂತೆ ನೆಟ್ಟಗೆ ನಿಂತಿದೆ. ಕೆಳಕೆಳಗೆ ಬಂದಂತೆಲ್ಲ ಚೌಕಗಳು ಓರೆಯಾಗುತ್ತ, ನೆಲೆತಪ್ಪುತ್ತ, ಕೊನೆಗೆ ಸುರಿದ ಜಲ್ಲಿಯಂತೆ ಚೆದರಿಬಿಡುತ್ತವೆ. ಇಂತಹ ಚೌಕ ಇಷ್ಟು ಓರೆಯಾಗಲಿ ಎಂಬುದನ್ನು ಯಂತ್ರವು ಯದೃಚ್ಛಾಸಂಖ್ಯೆಗಳಿಂದ ನಿಶ್ಚಯಿಸಿತೆಂಬುದು ನಿಜ. ಆದರೆ ಆ ಯದೃಚ್ಛೆಗೆ ಎಲ್ಲೆಯನ್ನು ಹಾಕಿದವರು ಯಾರು? ಆ ಎಲ್ಲೆಯು ಸಾಲುಸಾಲಿಗೂ ಹಿಗ್ಗುತ್ತ ಹೋಗಬೇಕೆಂದು ವಿಧಿಸಿದವರು ಯಾರು? ಕಟ್ಟಳೆಯು ಕದಡಿ ಕಲಹವಾಗುವುದನ್ನು ನೋಡುವವನ ಕಣ್ಣು ಮೆಟ್ಟಿಲು ಮೆಟ್ಟಿಲಾಗಿ ಅನುಭವಿಸಬೇಕೆಂಬ ಸಂಕಲ್ಪವು ಯಂತ್ರದ್ದಲ್ಲ. ಗಾಳಿ ಬೀಸುವುದು ಅಂಬಿಗನ ಕೈಯಲ್ಲಿಲ್ಲ. ಹಾಯಿ ಕಟ್ಟುವುದು ಅವನ ಕೈಯಲ್ಲಿದೆ. ದೋಣಿ ದಡ ಸೇರಿದರೆ ಗಾಳಿಯನ್ನು ಅಂಬಿಗನೆಂದು ಯಾರೂ ಕರೆಯುವುದಿಲ್ಲ.

ಇನ್ನು ಕೈಯ ಮಾತು. ಬುಡಾಪೆಸ್ಟಿನಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ನೆಲಸಿ 2023ರಲ್ಲಿ ತೀರಿಕೊಂಡ ವೇರಾ ಮೋಲ್ನಾರ್ ಎಂಬ ಚಿತ್ರಕಾರ್ತಿಯ ಸಾಧನೆಯು ಇದಕ್ಕೆ ಉತ್ತರವಾಗಿದೆ. ಈಕೆಗೆ ಗಣಕಯಂತ್ರವು ದೊರೆತುದು 1968ರಲ್ಲಿ. ಅದಕ್ಕೆ ಸುಮಾರು ಒಂಬತ್ತು ವರ್ಷಗಳ ಮೊದಲೇ ಈಕೆ ತನಗೆ ತಾನೇ ವಿಧಿಗಳನ್ನು ಹಾಕಿಕೊಂಡು, ಮನಸ್ಸಿನಲ್ಲೊಂದು ಯಂತ್ರವನ್ನು ಕಲ್ಪಿಸಿಕೊಂಡು, ಆ ವಿಧಿಗಳನ್ನು ಒಂದೊಂದಾಗಿ ತನ್ನ ಕೈಯಿಂದಲೇ ನಡೆಸುತ್ತಿದ್ದರು. ತರುವಾಯ ಅದೇ ಬಗೆಯ ವಿಧಿಗಳನ್ನು ನಿಜವಾದ ಯಂತ್ರವು ನಡೆಸಿತು. ಕೈ ಬರೆದಾಗ ಇದ್ದ ಕಲೆಯು ಯಂತ್ರ ಬರೆದೊಡನೆ ಎಲ್ಲಿಗೆ ಓಡಿಹೋಯಿತೆಂದು ಆಕ್ಷೇಪಕರು ತೋರಿಸಿಕೊಡಲಿ.

ನಿಯಮವು ಪ್ರತಿಭೆಗೆ ಶತ್ರುವೆಂಬ ಮಾತು ಕನ್ನಡನಾಡಿನವರ ಬಾಯಲ್ಲಿ ಬರುವುದಂತೂ ಆಶ್ಚರ್ಯ. ಧಾರವಾಡದ ಕಡೆಯ ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿ ಹೊಲಿಗೆ ಹಾಕತಕ್ಕದ್ದು, ಗಂಟು ಹಾಕಕೂಡದು, ಗವಂತಿ ಹೊಲಿಗೆಯಲ್ಲಿ ಹೋದ ದಾರಿಯಲ್ಲಿಯೇ ಹಿಂದಿರುಗಿ, ಬಿಟ್ಟ ಎಡೆಗಳನ್ನು ತುಂಬಿ, ಎರಡು ಮಗ್ಗುಲೂ ಒಂದೇ ತೆರನಾಗಿ ಕಾಣುವಂತೆ ಮಾಡಬೇಕು. ಇಷ್ಟು ಬಿಗಿಯಾದ ಕಟ್ಟಿನೊಳಗಿನಿಂದಲೇ ಗೋಪುರ, ತೇರು, ತುಳಸಿಕಟ್ಟೆ, ನವಿಲುಗಳು ಹೊರಟುಬಂದುವು. ಚುಕ್ಕಿಯ ರಂಗೋಲಿಯೂ ಹಾಗೆಯೇ: ಚುಕ್ಕಿಗಳ ಎಣಿಕೆಯನ್ನೂ ಗೆರೆ ಸುತ್ತುವ ಕ್ರಮವನ್ನೂ ತಾಯಿ ಮಗಳಿಗೆ ಹೇಳಿಕೊಡುತ್ತಾಳೆ. ತಮಿಳರ ಮನೆಯಂಗಳದ ಕೋಲಗಳು ಇದರ ಒಡಹುಟ್ಟಿದವು. ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ, ಕಮಲಾ ಕೃತ್ತಿವಾಸನ್ ಎಂಬ ಮದರಾಸಿನ ಮೂವರು ವಿದ್ವಾಂಸರು 1974ರಲ್ಲಿ ಅಂತಹ ಕೋಲಗಳಿಗೆ ಗಣಕಶಾಸ್ತ್ರದ ರೀತಿಯಲ್ಲಿ ವ್ಯಾಕರಣವನ್ನು ಬರೆದು ಪ್ರಕಟಿಸಿದರು. ವಿದ್ವಾಂಸರು ಕೋಲಕ್ಕೆ ವಿಧಿಯನ್ನು ಹೊರಗಿನಿಂದ ತಂದು ಅಂಟಿಸಲಿಲ್ಲ. ಅಂಗಳದಲ್ಲಿ ಬಗ್ಗಿ ಹಿಟ್ಟು ಬಿಡುತ್ತಿದ್ದ ಹೆಂಗಸರ ಬೆರಳಿನಲ್ಲಿ ಅದು ಮೊದಲೇ ಇದ್ದಿತು.

ಇಷ್ಟು ಹೇಳಿದ ಮಾತ್ರಕ್ಕೆ ಯಂತ್ರದ ಜಯಘೋಷ ಮಾಡುವವರ ಪಕ್ಷವು ಗೆದ್ದಿತೆಂದು ಭಾವಿಸಕೂಡದು. ಛಂದಶ್ಶಾಸ್ತ್ರದ ಪ್ರಸ್ತಾರವು ಆರಕ್ಷರದ ಪಾದಕ್ಕೆ ಲಘುಗುರುಗಳ 64 ಬಗೆಗಳನ್ನು ತಪ್ಪದೆ ಎಣಿಸಿಕೊಡುತ್ತದೆ. ಎಣಿಸಿದವನು ಅಷ್ಟರಿಂದಲೇ ಕವಿಯಾಗಲಿಲ್ಲ. ಯಂತ್ರವು ಒಂದು ಗಳಿಗೆಯಲ್ಲಿ ಸಾವಿರ ವಿನ್ಯಾಸಗಳನ್ನು ಉಗುಳಬಲ್ಲದೆಂಬುದು ಹೆಮ್ಮೆಯ ಮಾತಲ್ಲ. ಅದರಲ್ಲಿ ಒಂಬೈನೂರ ತೊಂಬತ್ತೊಂಬತ್ತನ್ನು ಬಿಸುಡಬಲ್ಲ ಕಣ್ಣು ಹೆಮ್ಮೆಯ ವಸ್ತು. ಫ್ರೀಡರ್ ನಾಕೆ ಎಂಬವರು ಈ ಪದ್ಧತಿಯ ಮೊದಲಿಗರಲ್ಲೊಬ್ಬರು. 1965ರಲ್ಲಿ ತಾವೇ ಇಂತಹ ಚಿತ್ರಗಳನ್ನು ಪ್ರದರ್ಶಿಸಿದವರು. ಅವರೇ 1971ರಲ್ಲಿ, ಗಣಕಯಂತ್ರದ ಕಲೆಯೆಂಬುದು ಇರತಕ್ಕದ್ದಲ್ಲವೆಂದು ಲೇಖನ ಬರೆದರು. ಚಿತ್ರದ ಮಾರುಕಟ್ಟೆಗೆ ಮತ್ತೊಂದು ಸರಕನ್ನು ಸುರಿಯುವ ಉತ್ಸಾಹದ ಮೇಲೆ ಅವರಿಗಿದ್ದ ಅಸಹನೆಯು ಇಂದಿಗೂ ಸಲ್ಲುತ್ತದೆ.

ಇಂದು ಒಂದು ವಾಕ್ಯವನ್ನು ಒಪ್ಪಿಸಿದೊಡನೆ ಚಿತ್ರವನ್ನು ಕೊಡುವ ಯಂತ್ರಗಳು ಬಂದಿವೆ. ಅವು ಅನ್ಯರು ಬರೆದ ಕೋಟ್ಯಂತರ ಚಿತ್ರಗಳಿಂದ ಪಾಠ ಕಲಿತಿವೆ. ಅದರ ಮುಂದೆ ಕುಳಿತವನು ವಿಧಿಯನ್ನು ಬರೆಯಲೂ ಇಲ್ಲ, ಅದು ಏನೆಂದು ಅರಿಯಲೂ ಇಲ್ಲ. ನೇಸ್ ಅವರನ್ನು, ಈ ಒಂದು ಸಂಖ್ಯೆಯನ್ನು ಹೆಚ್ಚಿಸಿದರೆ ಚಿತ್ರದಲ್ಲಿ ಏನಾಗುವುದೆಂದು ಕೇಳಿದ್ದರೆ ಅವರು ಹೇಳುತ್ತಿದ್ದರು. ಕಸೂತಿಯ ಹೆಣ್ಣುಮಗಳನ್ನು, ಇಲ್ಲಿ ಒಂದು ಎಳೆ ತಪ್ಪಿದರೆ ಏನಾಗುವುದೆಂದು ಕೇಳಿದರೆ ಆಕೆಯೂ ಹೇಳುವಳು. ಈ ಪ್ರಶ್ನೆಗೆ ಉತ್ತರವಿಲ್ಲದವನು ಗಿರಾಕಿಯಾಗಬಹುದು, ವಿನ್ಯಾಸಕಾರನಾಗಲಾರನು.

ಇದು ಪ್ರದರ್ಶನಶಾಲೆಗಳ ಒಣಚರ್ಚೆಯಲ್ಲ. ಕನ್ನಡಕ್ಕೂ ಇದರಲ್ಲಿ ಲಾಭನಷ್ಟಗಳಿವೆ. ತೆರೆಯ ಮೇಲೆ 'ಸ್ತ್ರೀ' ಎಂಬ ಒಂದು ಅಕ್ಷರವು ಸರಿಯಾಗಿ ಮೂಡಬೇಕಾದರೆ, ತಕಾರದ ಒತ್ತು ಎಲ್ಲಿ, ರಕಾರದ ಒತ್ತು ಎಲ್ಲಿ, ದೀರ್ಘವು ಎಲ್ಲಿ ಕೂಡಬೇಕೆಂಬ ವಿಧಿಯನ್ನು ಆ ಅಕ್ಷರಶೈಲಿಯ ಒಡಲಿನಲ್ಲಿ ಒಬ್ಬರು ಬರೆದಿಟ್ಟಿರಬೇಕು. ಅಕ್ಷರದ ಅಂದವನ್ನು ಬಲ್ಲ ಚಿತ್ರಕಾರನು ಕೋಡ್ ತನಗೆ ಹೊಲೆಯೆಂದು ದೂರ ನಿಂತರೆ, ಆ ಕೆಲಸವು ಕನ್ನಡವನ್ನು ಓದಲಾರದವನ ಕೈಗೆ ಬೀಳುತ್ತದೆ. ಆಗ ಒತ್ತಕ್ಷರಗಳು ಒಂದನ್ನೊಂದು ತುಳಿದುಕೊಂಡು ನಿಂತರೆ ದೂರತಕ್ಕದ್ದು ಯಂತ್ರವನ್ನಲ್ಲ.

ಹೀಗಿರಲು ಚಿತ್ರಕಲಾಶಾಲೆಗಳಲ್ಲಿ ಕುಂಚದ ಜೊತೆಗೆ ವಿಧಿಯನ್ನು ಬರೆಯುವುದನ್ನೂ ಕಲಿಸತಕ್ಕದ್ದು. ಅದಕ್ಕೆ ಹಣವು ಅಡ್ಡಿಯಲ್ಲ: ಕೇಸಿ ರೀಸ್, ಬೆನ್ ಫ್ರೈ ಎಂಬಿಬ್ಬರು ಅಮೆರಿಕದವರು ಚಿತ್ರಕಾರರಿಗೆಂದೇ 2001ರಲ್ಲಿ ಆರಂಭಿಸಿದ 'ಪ್ರೊಸೆಸಿಂಗ್' ಎಂಬ ಸಾಧನವು ಬೇಕಾದವರಿಗೆಲ್ಲ ಬೆಲೆಯಿಲ್ಲದೆ ದೊರೆಯುತ್ತದೆ. ಅಡ್ಡಿಯಾಗಿರುವುದು ಅಭಿಮಾನವೊಂದೇ. ವಿಧಿಯನ್ನು ತಾನು ಬರೆಯಲು ನಾಚುವ ವಿದ್ಯಾರ್ಥಿಯು ವಿಧಿಯಿಂದ ಪಾರಾಗುವುದಿಲ್ಲ. ಮಾರಾಟಗಾರರು ಬರೆದಿಟ್ಟ ವಿಧಿಯೊಳಗೆ, ಅವರು ಇಟ್ಟ ಗುಂಡಿಗಳನ್ನು ಒತ್ತುತ್ತ, ಅದನ್ನೇ ಸ್ವಾತಂತ್ರ್ಯವೆಂದು ತಿಳಿದು ಬಾಳುತ್ತಾನೆ. ಕೈಯ ಗೌರವವನ್ನು ಕಾಯಬೇಕೆನ್ನುವವರು ಮೊದಲು ಆ ಕೈಯನ್ನು ಈ ಸೆರೆಯಿಂದ ಬಿಡಿಸಲಿ.